ಬ್ಯಾಟರಿಯ ಮನೆ: ಒಂದಿಷ್ಟು ಚರಿತ್ರೆ, ಒಂದು ತಪ್ಪೊಪ್ಪಿಗೆ



ಮೂವತ್ತಕ್ಕೂ ಹೆಚ್ಚು ವರ್ಷ ಮೌರ್ಯರು, ವಿಜಯನಗರ, ಪಾಣಿಪತ್ ಯುದ್ಧ ಎಂದು ಪಾಠ ಮಾಡಿಕೊಂಡು ಬಂದ ಸಮಾಜಶಾಸ್ತ್ರದ ಮೇಷ್ಟ್ರಿಗೆ ಬ್ಯಾಟರಿಯ ಗೊಡವೆ ಏಕೆಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಕಾರಣವಿದೆ. ಇಪ್ಪತ್ತು ವರ್ಷಗಳಿಗೂ ಹಿಂದೆ ನಾನು ಒಬ್ಬ ಸಜ್ಜನರ ಮೇಲೆ ಒಂದು ವರದಿ ಬರೆದೆ. ಅದು ತಪ್ಪು ವರದಿಯೆಂದು ತಿಳಿಯಲು ನನಗೆ ಬ್ಯಾಟರಿಯ ಚರಿತ್ರೆಯನ್ನೇ ಓದಬೇಕಾಯಿತು. ಆ ಓದಿನ ಫಲವನ್ನೂ ಆ ತಪ್ಪನ್ನೂ ಒಟ್ಟಿಗೇ ನಿಮ್ಮ ಮುಂದಿಡುತ್ತಿದ್ದೇನೆ.

2003ನೆಯ ಇಸವಿ. ಆಗ ನಾನು ಕೃಷ್ಣಾ–ತುಂಗಭದ್ರೆಗಳ ನಡುವಣ ದೋಆಬ್ ಪ್ರದೇಶದ ಒಂದು ಪ್ರೌಢಶಾಲೆಯಲ್ಲಿದ್ದೆ. ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಸಂಜೆಯ ಓದಿನ ತರಗತಿಗಳನ್ನು ನಡೆಸುತ್ತಿದ್ದೆವು. ಕರೆಂಟು ಕೈಕೊಡುವುದು ನಿತ್ಯದ ಕಥೆ. ಹಳೆಯ ವಿದ್ಯಾರ್ಥಿಗಳು ತಲೆಗಿಷ್ಟು ಎಂದು ಕೂಡಿಸಿ ಒಂದು ಇನ್ವರ್ಟರನ್ನೂ ನಾಲ್ಕು ಸೀಸ-ಆಮ್ಲದ ಬ್ಯಾಟರಿಗಳನ್ನೂ ಕೊಡಿಸಿದರು. ಅವುಗಳನ್ನು ಎಲ್ಲಿಡುವುದೆಂಬ ತೀರ್ಮಾನವನ್ನು ಮುಖ್ಯೋಪಾಧ್ಯಾಯರು ನನಗೆ ಬಿಟ್ಟರು. ಕೊಠಡಿಗಳಲ್ಲಿ ಜಾಗವಿರಲಿಲ್ಲ. ನಾನು ತಾರಸಿಯನ್ನು ಆರಿಸಿದೆ. ಮಳೆಗೆ ನೆನೆಯಬಾರದು, ಕಳ್ಳರ ಕೈಗೆ ಸಿಗಬಾರದು ಎಂದು ತಗಡಿನ ದೊಡ್ಡ ಪೆಟ್ಟಿಗೆಯೊಂದನ್ನು ಮಾಡಿಸಿ, ಕಪ್ಪು ಬಣ್ಣ ಹೊಡೆಸಿ, ಬೀಗ ಹಾಕಿಸಿದೆ. ಗಾಳಿಗೆಂದು ಮೇಲ್ತುದಿಯಲ್ಲಿ ನಾಲ್ಕಾರು ಸಣ್ಣ ತೂತು ಕೊರೆಸಿದ್ದೆ, ಅಷ್ಟೆ. ಪೆಟ್ಟಿಗೆ ಬಹಳ ಭದ್ರವಾಗಿದೆಯೆಂದು ಎಲ್ಲರೂ ಹೊಗಳಿದರು. ನಾನೂ ಬೀಗಿದೆ.

ಬ್ಯಾಟರಿಗೆ ಭಟ್ಟಿ ಇಳಿಸಿದ ನೀರು ಹಾಕುವ ಹೊಣೆ ನಮ್ಮ ಶಾಲೆಯ ಜವಾನರದು. ಹೆಚ್ಚು ಓದಿದವರಲ್ಲ, ಆದರೆ ಹಿಡಿದ ಕೆಲಸವನ್ನು ಬಿಡುವವರಲ್ಲ. ಮೊದಲ ಬೇಸಗೆಯಲ್ಲೇ ಅವರು ನನ್ನ ಬಳಿ ಬಂದು, "ಸಾರ್, ಪೆಟ್ಟಿಗೆ ಕಾದ ಹೆಂಚಿನ ಹಾಗೆ ಸುಡ್ತದೆ, ಒಳಗೆ ನೀರು ನಿಲ್ಲಂಗಿಲ್ಲ" ಎಂದರು. ನಾನು "ಬರೆದಿರುವ ಮಟ್ಟಕ್ಕೆ ಹಾಕಿದರೆ ನಿಲ್ಲುತ್ತದೆ" ಎಂದು ಹೇಳಿ ಕಳುಹಿಸಿದೆ. ಕೆಲವು ದಿನಗಳ ಬಳಿಕ ತಾರಸಿಗೆ ಹೋಗಿ ನೋಡಿದರೆ ಪೆಟ್ಟಿಗೆಯ ಮೇಲೆ ನೆನೆಸಿದ ಗೋಣಿಚೀಲಗಳನ್ನು ಹೊದಿಸಿದ್ದರು. ಮರುವಾರ ಶಾಲಾ ತಪಾಸಣೆಯಿತ್ತು. ಇದೇನು ಚಿಂದಿ ಎಂದು ಗದರಿ ನಾನೇ ಅವುಗಳನ್ನು ತೆಗೆಸಿದೆ.

ಎರಡನೆಯ ಬೇಸಗೆ ಮುಗಿಯುವ ಹೊತ್ತಿಗೆ ನಾಲ್ಕೂ ಬ್ಯಾಟರಿಗಳು ಸತ್ತಿದ್ದವು. ದೀಪ ಹತ್ತು ನಿಮಿಷವೂ ನಿಲ್ಲುತ್ತಿರಲಿಲ್ಲ. ರಿಪೇರಿಯವನು ಮುಚ್ಚಳ ತೆಗೆದು ನೋಡಿ, ಒಳಗಿನ ಫಲಕಗಳು ನೀರಿನಿಂದ ಮೇಲೆದ್ದು ಒಣಗಿವೆ ಎಂದ. ನಾನು ಆಡಳಿತ ಮಂಡಳಿಗೆ ವರದಿ ಬರೆದೆ: "ನೀರು ಹಾಕುವಲ್ಲಿ ಜವಾನರ ಅಲಕ್ಷ್ಯವೇ ನಷ್ಟಕ್ಕೆ ಕಾರಣ." ನಷ್ಟದ ಒಂದು ಪಾಲನ್ನು ಅವರ ಸಂಬಳದಲ್ಲಿ ಆರು ಕಂತುಗಳಲ್ಲಿ ಮುರಿದುಕೊಂಡರು. ಅವರು ಜಗಳವಾಡಲಿಲ್ಲ. "ನಾನು ನೀರು ಹಾಕಿದ್ದೆ ಸಾರ್" ಎಂದಷ್ಟೇ ಹೇಳಿದರು.

ಇದು ನನ್ನ ಕಥೆಯ ಅರ್ಧ ಭಾಗ. ಉಳಿದರ್ಧ ಪ್ರಾರಂಭವಾದದ್ದು 2022ರಲ್ಲಿ. ವಿದ್ಯುತ್ ಸಂಗ್ರಹದ ಉದ್ಯಮದಲ್ಲಿ ಇಂಜಿನಿಯರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಪಡುವಣ ಬಿಸಿಲು ನೇರವಾಗಿ ಬೀಳುವ ನಮ್ಮ ಬಾಲ್ಕನಿಯಲ್ಲಿ ಇನ್ವರ್ಟರಿನ ಬ್ಯಾಟರಿ ಕುಳಿತಿರುವುದನ್ನು ಕಂಡು, "ಮೇಷ್ಟ್ರೇ, ಇದನ್ನು ಇಲ್ಲಿಟ್ಟು ಕೊಲ್ಲುತ್ತಿದ್ದೀರಿ" ಎಂದ. ಆ ಮಾತು ನನ್ನನ್ನು ನೇರವಾಗಿ ಶಾಲೆಯ ತಾರಸಿಗೆ ಕೊಂಡೊಯ್ದಿತು. ಆ ದಿನ ಅವನಿಂದ ಕೇಳಿದ್ದು ಸ್ವಲ್ಪ, ಅನಂತರ ನಾನೇ ಓದಿದ್ದು ಹೆಚ್ಚು.

ಹಳೆಯ ಕಥೆ

ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ತನ್ನ ವಿದ್ಯುತ್ ಸ್ತಂಭದ ವಿವರವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ್ದು 1800ರಲ್ಲಿ. ಅದು ಒಮ್ಮೆ ಬಳಸಿ ಮುಗಿಸುವ ಬ್ಯಾಟರಿ. ಮತ್ತೆ ಮತ್ತೆ ತುಂಬಬಹುದಾದ ಸೀಸ-ಆಮ್ಲದ ಕೋಶವನ್ನು ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಕಂಡುಹಿಡಿದದ್ದು 1859ರಲ್ಲಿ. ಗಂಧಕಾಮ್ಲದಲ್ಲಿ ಮುಳುಗಿದ ಎರಡು ಸೀಸದ ಹಾಳೆಗಳು, ಇಷ್ಟೇ ಅದರ ತಿರುಳು. 1881ರಲ್ಲಿ ಅದೇ ದೇಶದ ಕಮಿಲ್ ಫಾರೆ ಸೀಸದ ಆಕ್ಸೈಡಿನ ಹಿಟ್ಟನ್ನು ಫಲಕಗಳಿಗೆ ಮೆತ್ತಿ ಅದರ ಶಕ್ತಿಯನ್ನು ಬಹುಪಾಲು ಹೆಚ್ಚಿಸಿದ. ಅದೇ ವರ್ಷ ಅವನ ಕೋಶಗಳು ಮರದ ಪೆಟ್ಟಿಗೆಯೊಂದರಲ್ಲಿ ಪ್ಯಾರಿಸ್ಸಿನಿಂದ ಗ್ಲಾಸ್ಗೋ ನಗರಕ್ಕೆ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ನನ ಪ್ರಯೋಗಶಾಲೆಗೆ ಬಂದವು. ಜನ ಅದನ್ನು ವಿದ್ಯುತ್ತಿನ ಪೆಟ್ಟಿಗೆಯೆಂದು ಕರೆದು ಬೆರಗಾದರು. ಎಲ್ಲರ ಕಣ್ಣೂ ಪೆಟ್ಟಿಗೆಯ ಒಳಗಿದ್ದುದರ ಮೇಲೆ. ಪೆಟ್ಟಿಗೆಯೂ ಬ್ಯಾಟರಿಯ ಒಂದು ಅಂಗವೆಂಬುದು ಆಗ ಯಾರಿಗೂ ಮುಖ್ಯವೆನಿಸಿರಲಾರದು.

ಕಾವಿಗೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ಇರುವ ನಂಟನ್ನು ಸೂತ್ರಕ್ಕೆ ಇಳಿಸಿದವನು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್, 1889ರಲ್ಲಿ. ಅವನು ಪರಿಶೀಲಿಸುತ್ತಿದ್ದದ್ದು ಬ್ಯಾಟರಿಯನ್ನಲ್ಲ, ಆಮ್ಲದಲ್ಲಿ ಕಬ್ಬಿನ ಸಕ್ಕರೆ ಒಡೆಯುವ ಬಗೆಯನ್ನು. 1903ರಲ್ಲಿ ಅವನಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದದ್ದು ಬೇರೊಂದು ಸಿದ್ಧಾಂತಕ್ಕೆ. ಆದರೆ ನಮ್ಮ ಕಥೆಗೆ ಬೇಕಾದುದು ಸಕ್ಕರೆಯ ಆ ಲೆಕ್ಕವೇ. ಅದರ ಸಾರವನ್ನು ನಮ್ಮ ಮನೆಯ ಹೆಂಗಸರು ಅರೇನಿಯಸ್ಸನಿಗಿಂತ ಮೊದಲೇ ಬಲ್ಲರು. ಧನುರ್ಮಾಸದಲ್ಲಿ ರಾತ್ರಿಯಿಡೀ ಇಟ್ಟರೂ ಉಬ್ಬದ ದೋಸೆಹಿಟ್ಟು ವೈಶಾಖದಲ್ಲಿ ಮೂರು ಗಂಟೆಯಲ್ಲಿ ಪಾತ್ರೆಯಿಂದ ಹೊರಬರುತ್ತದೆ. ಕಾವು ಏರಿದಂತೆ ಕ್ರಿಯೆ ತ್ವರಿತವಾಗುತ್ತದೆ.

ಬ್ಯಾಟರಿಯೊಳಗೆ ನಮಗೆ ಬೇಕಾದ ಕ್ರಿಯೆಯೊಂದಿಗೆ ಬೇಡವಾದ ಕ್ರಿಯೆಗಳೂ ನಡೆಯುತ್ತಿರುತ್ತವೆ. ಸೀಸದ ಧನಫಲಕದ ಜಾಲರಿ ಮೆಲ್ಲಮೆಲ್ಲನೆ ಕೊರೆದುಹೋಗುತ್ತದೆ. ನೀರು ಒಡೆದು ಜಲಜನಕ, ಆಮ್ಲಜನಕಗಳಾಗಿ ಹಾರಿಹೋಗುತ್ತದೆ. ಕಾವು ಈ ಸವೆತವನ್ನೂ ತ್ವರೆಗೊಳಿಸುತ್ತದೆ. ಸೀಸ-ಆಮ್ಲದ ಬ್ಯಾಟರಿಗಳ ವಿಷಯದಲ್ಲಿ ಇಂಜಿನಿಯರುಗಳು ಬಹುಕಾಲದಿಂದ ಬಳಸುವ ಸ್ಥೂಲ ಲೆಕ್ಕವೊಂದಿದೆ: 25 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಅರ್ಧವಾಗುತ್ತದೆ. 25 ಡಿಗ್ರಿಯಲ್ಲಿ 5 ವರ್ಷ ಬಾಳುವ ಬ್ಯಾಟರಿ ಸದಾ 35ರಲ್ಲಿದ್ದರೆ ಎರಡೂವರೆ ವರ್ಷ, 45ರಲ್ಲಿದ್ದರೆ ಒಂದೂಕಾಲು ವರ್ಷ. ನಮ್ಮ ದೋಆಬಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ. ಆ ಬಿಸಿಲಿನಲ್ಲಿ ಕಪ್ಪು ಬಳಿದ ತಗಡಿನ ಪೆಟ್ಟಿಗೆಯೊಳಗೆ ಎಷ್ಟಿದ್ದಿರಬೇಕೆಂದು ನೀವೇ ಊಹಿಸಿ. ಜವಾನರು ಕಾದ ಹೆಂಚು ಎಂದದ್ದು ಅಲಂಕಾರದ ಮಾತಾಗಿರಲಿಲ್ಲ.

ಬ್ಯಾಟರಿ ಕೊಠಡಿಯಿಂದ ಬೀದಿಯ ಕಪಾಟಿಗೆ

ಹಿಂದಿನವರು ಈ ವಿಷಯದಲ್ಲಿ ನನಗಿಂತ ಜಾಣರಾಗಿದ್ದರು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಬ್ಯಾಟರಿಗೆಂದೇ ಬೇರೆ ಕೊಠಡಿಯಿರುತ್ತಿತ್ತು. ತಲಾ 2 ವೋಲ್ಟಿನ 24 ಕೋಶಗಳು ಸಾಲಾಗಿ ನಿಂತು 48 ವೋಲ್ಟ್ ಕೊಡುತ್ತಿದ್ದವು. ಕೋಶಕ್ಕೂ ಕೋಶಕ್ಕೂ ನಡುವೆ ಗಾಳಿಯಾಡಲು ಜಾಗ, ಜಲಜನಕ ಹೊರಹೋಗಲು ಪಂಖ, ಗೋಡೆಗೆ ಆಮ್ಲ ತಾಳುವ ಬಣ್ಣ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಸೇರಿದರೆ ಕಿಡಿಯೊಂದಕ್ಕೆ ಸಿಡಿಯಬಲ್ಲದು. ಆದ್ದರಿಂದ ಗಾಳಿಯಾಡುವಿಕೆ ಅಲ್ಲಿ ಪ್ರಾಣದ ಪ್ರಶ್ನೆ. ಹಾಗೆ ನೆರಳಿನಲ್ಲಿ, ತಂಪಿನಲ್ಲಿ, ಕಣ್ಣೆದುರಿನಲ್ಲಿ ಸಾಕಿದ ಕೋಶಗಳು ಇಪ್ಪತ್ತು ವರ್ಷ ಬಾಳುವುದು ಅಪರೂಪವೇನಾಗಿರಲಿಲ್ಲ.

ಈ ಕೊಠಡಿಯನ್ನು ಕೆಡವಿದ್ದು ಒಂದು ಒಳ್ಳೆಯ ಸಂಶೋಧನೆ. 1957ರಲ್ಲಿ ಜರ್ಮನಿಯ ಒಟ್ಟೊ ಯಾಖೆ ಆಮ್ಲವನ್ನು ಲೋಳೆಯಾಗಿಸಿದ. 1970ರ ದಶಕದಲ್ಲಿ ಅಮೆರಿಕದಲ್ಲಿ ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಡುವ ವಿಧಾನ ಬಂದಿತು. ನೀರು ಹಾಕುವ ಕೆಲಸವಿಲ್ಲ, ಆಮ್ಲ ಚೆಲ್ಲುವ ಭಯವಿಲ್ಲ. ಅದಕ್ಕೆ ನಿರ್ವಹಣೆ ಬೇಡದ ಬ್ಯಾಟರಿಯೆಂದು ಹೆಸರಾಯಿತು. ನಿರ್ವಹಣೆಯೇ ಬೇಡವಾದ ಮೇಲೆ ಕೊಠಡಿಯೇಕೆ? 1980ರ ದಶಕದಿಂದ ಅಮೆರಿಕದ ಟೆಲಿಫೋನ್ ವ್ಯವಸ್ಥೆಯಲ್ಲಿ ಬ್ಯಾಟರಿಗಳು ಕೊಠಡಿ ಬಿಟ್ಟು ರಸ್ತೆಬದಿಯ ಲೋಹದ ಕಪಾಟುಗಳಿಗೆ ಹೋದವು. ಹತ್ತಿಪ್ಪತ್ತು ವರ್ಷ ಬಾಳುತ್ತವೆಂದು ಕೊಂಡವು ಬಿಸಿಲ ನಾಡುಗಳ ಕಪಾಟಿನಲ್ಲಿ ಕೆಲವೇ ವರ್ಷಗಳಲ್ಲಿ ಒಣಗಿ ಸತ್ತವು. ಕೆಲವು ತಮ್ಮ ಕಾವಿಗೆ ತಾವೇ ಇನ್ನಷ್ಟು ಕಾಯುತ್ತಾ ಉಬ್ಬಿ ಕರಗಿದವು. ನೀರು ಹಾಕಲು ಬಾಯಿಯೇ ಇಲ್ಲದ ಬ್ಯಾಟರಿಗೆ, ಒಮ್ಮೆ ಹೋದ ನೀರು ಮರಳಿ ಬರುವ ದಾರಿಯೂ ಇರಲಿಲ್ಲ. ಅನಂತರ ಬಿಸಿಲು ತಡೆಯುವ ಇಮ್ಮಡಿ ಗೋಡೆಗಳು, ಪಂಖಗಳು, ಕಾವು ಏರಿದಂತೆ ಚಾರ್ಜಿನ ವೋಲ್ಟೇಜನ್ನು ತಗ್ಗಿಸುವ ಉಪಕರಣಗಳು ಬಳಕೆಗೆ ಬಂದವು.

ಚರಿತ್ರೆಯ ವಿದ್ಯಾರ್ಥಿಗೆ ಇದು ಪರಿಚಿತ ಸಂಗತಿ. ಕೋಟೆಯನ್ನು ಒಡೆದು ಸೈನ್ಯವನ್ನು ಬಯಲಿಗೆ ತಂದವರು ಸೋಲಿನ ಬಳಿಕ ಸೈನಿಕರನ್ನು ಬೈಯುವುದು ಹೊಸದಲ್ಲ.

2003ರಲ್ಲೇ, ಬೇರೆ ಎರಡು ಕಡೆ

ನಾನು ಶಾಲೆಯ ತಾರಸಿಯ ಮೇಲೆ ತಗಡಿನ ಪೆಟ್ಟಿಗೆ ಕೂರಿಸಿದ ಅದೇ 2003ರಲ್ಲಿ, ಲೋಕದ ಇನ್ನೆರಡು ಕಡೆ ಬ್ಯಾಟರಿಗೆ ಮನೆ ಕಟ್ಟಿದವರಿದ್ದರೆಂದು ಓದುವಾಗ ತಿಳಿಯಿತು.

ಒಂದು, ಅಲಾಸ್ಕದ ಫೇರ್‌ಬ್ಯಾಂಕ್ಸ್. ಉತ್ತರ ಧ್ರುವವೃತ್ತಕ್ಕೆ ಸಮೀಪದ ಊರು. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೆ ಇಳಿಯುವುದುಂಟು. ಅಲ್ಲಿ ಕರೆಂಟು ಹೋಗುವುದೆಂದರೆ ಕತ್ತಲಷ್ಟೇ ಅಲ್ಲ, ಮನೆಯ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯುವುದು, ಜನರ ಜೀವಕ್ಕೆ ಅಪಾಯ. ಗೋಲ್ಡನ್ ವ್ಯಾಲಿ ಎಂಬ ವಿದ್ಯುತ್ ಸಹಕಾರ ಸಂಘವು ಅಲ್ಲಿ 13,760 ನಿಕ್ಕಲ್-ಕ್ಯಾಡ್ಮಿಯಂ ಕೋಶಗಳ ಬ್ಯಾಟರಿಯನ್ನು ಸ್ಥಾಪಿಸಿತು. 27 ಮೆಗಾವ್ಯಾಟ್ ಶಕ್ತಿಯನ್ನು 15 ನಿಮಿಷ ಕೊಡಬಲ್ಲದು. ಊರಿನ ಜನರೇಟರುಗಳು ಎಚ್ಚೆತ್ತು ಹೊರೆ ಹೊರಲು ಅಷ್ಟು ಸಾಕು. ನಿಕ್ಕಲ್-ಕ್ಯಾಡ್ಮಿಯಂ ಕೋಶ 1899ರಲ್ಲಿ ಸ್ವೀಡನ್ನಿನ ವಾಲ್ಡೆಮರ್ ಯುಂಗ್ನರ್ ಕಂಡುಹಿಡಿದದ್ದು, ಚಳಿಯನ್ನು ತಾಳುವುದರಲ್ಲಿ ಗಟ್ಟಿ. ಸೀಸ-ಆಮ್ಲದ ಬ್ಯಾಟರಿಯಾದರೋ ಪೂರ್ತಿ ಬರಿದಾದರೆ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಒಡೆಯಬಲ್ಲದು, ಏಕೆಂದರೆ ಆಗ ಅದರೊಳಗಿನ ಆಮ್ಲ ಬಹುಪಾಲು ನೀರೇ ಆಗಿರುತ್ತದೆ. ಇಷ್ಟು ಗಟ್ಟಿಯಾದ ಕೋಶವನ್ನು ಆರಿಸಿಯೂ ಅವರು ಅದನ್ನು ಬಯಲಿಗೆ ಬಿಡಲಿಲ್ಲ. ಕಾಲ್ಚೆಂಡಿನ ಮೈದಾನದಷ್ಟು ಉದ್ದದ ಕಟ್ಟಡ ಕಟ್ಟಿ ಒಳಗಿಟ್ಟರು. ಇಪ್ಪತ್ತು ವರ್ಷಕ್ಕೂ ಮೇಲೆ ಬಾಳಬೇಕೆಂಬುದು ಅವರ ಗುರಿ. 2018ರಲ್ಲಿ 15 ವರ್ಷ ತುಂಬಿದಾಗಲೂ ಅದು ಕೆಲಸದಲ್ಲಿತ್ತು.

ಇನ್ನೊಂದು ಪೆಟ್ಟಿಗೆ ಈ ಭೂಮಿಯ ಮೇಲೆಯೇ ಇಲ್ಲ. 2003ರ ಜೂನ್, ಜುಲೈ ತಿಂಗಳುಗಳಲ್ಲಿ ಅಮೆರಿಕದ ನಾಸಾ ಸಂಸ್ಥೆ ಸ್ಪಿರಿಟ್, ಆಪರ್ಚುನಿಟಿ ಎಂಬ ಎರಡು ಗಾಡಿಗಳನ್ನು ಮಂಗಳ ಗ್ರಹಕ್ಕೆ ಕಳುಹಿಸಿತು. ಅವು 2004ರ ಜನವರಿಯಲ್ಲಿ ಅಲ್ಲಿ ಇಳಿದವು. ಅಲ್ಲಿಯ ರಾತ್ರಿಯ ಚಳಿ ಸೊನ್ನೆಗಿಂತ ಸುಮಾರು 100 ಡಿಗ್ರಿ ಕೆಳಕ್ಕೆ ಹೋಗುತ್ತದೆ. ಅಂಥ ಚಳಿಯಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಉಳಿಯಲಾರದು. ಆದ್ದರಿಂದ ಬ್ಯಾಟರಿಯನ್ನೂ ಯಂತ್ರದ ಮಿದುಳನ್ನೂ ಬೆಚ್ಚನೆಯ ಪೆಟ್ಟಿಗೆಯೊಂದರಲ್ಲಿಟ್ಟರು. ಅದರ ಗೋಡೆಗೆ ಏರೋಜೆಲ್ ಎಂಬ ಹೊಗೆಯಷ್ಟು ಹಗುರವಾದ ಉಷ್ಣನಿರೋಧಕ, ಒಳಗೆ ತಲಾ ಒಂದು ವ್ಯಾಟ್ ಕಾವು ಸೂಸುವ ಎಂಟು ಪುಟ್ಟ ವಿಕಿರಣಶೀಲ ಗುಳಿಗೆಗಳು. 90 ಮಂಗಳದಿನ ನಡೆದರೆ ಸಾಕೆಂದು ಕಳುಹಿಸಿದ ಆಪರ್ಚುನಿಟಿ 14 ವರ್ಷಗಳಿಗೂ ಮೇಲೆ ನಡೆಯಿತು. 2018ರ ಜೂನ್ 10ರಂದು ಅದರ ಕೊನೆಯ ಸಂದೇಶ ಬಂದಿತು. ಗ್ರಹವನ್ನೇ ಕವಿದ ಧೂಳಿನ ಬಿರುಗಾಳಿ ಅದರ ಬಿಸಿಲನ್ನು ಕಸಿದಿತ್ತು.

ಒಂದೇ ವರ್ಷದ ಮೂರು ಪೆಟ್ಟಿಗೆಗಳು. ಚಳಿಯ ನಾಡಿನವರು ಚಳಿಯನ್ನು ಲೆಕ್ಕಕ್ಕೆ ಹಿಡಿದು ಕಟ್ಟಿದರು. ಮಂಗಳಕ್ಕೆ ಕಳುಹಿಸಿದವರು ತಾವು ಕಾಲಿಡದ ನೆಲದ ಹವೆಯನ್ನೂ ಲೆಕ್ಕಕ್ಕೆ ಹಿಡಿದರು. ಹುಟ್ಟಿದಾಗಿನಿಂದ ಬಿಸಿಲನ್ನು ಉಂಡು ಬೆಳೆದ ನಾನು ಮಾತ್ರ ಕಳ್ಳನನ್ನೂ ಮಳೆಯನ್ನೂ ನೆನೆದು, ಸೂರ್ಯನನ್ನು ಮರೆತೆ.

ಮರೆತವರಲ್ಲಿ ದೊಡ್ಡವರೂ ಇದ್ದಾರೆಂಬುದು ಸಮಾಧಾನವಲ್ಲ, ಆದರೂ ಹೇಳುತ್ತೇನೆ. 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ನಿಸ್ಸಾನ್ ಲೀಫ್ ಎಂಬ ವಿದ್ಯುತ್ ಕಾರಿನ ಬ್ಯಾಟರಿ ಪೆಟ್ಟಿಗೆಗೆ ದ್ರವ ಹರಿಸಿ ತಂಪು ಮಾಡುವ ಏರ್ಪಾಡಿರಲಿಲ್ಲ. ತಂಪು ಸೀಮೆಗಳಲ್ಲಿ ನಡೆಯಿತು. ಅರಿಜೋನ ಮರುಭೂಮಿಯ ಫೀನಿಕ್ಸ್ ನಗರದಲ್ಲಿ 2012ರ ಬೇಸಗೆಯ ಹೊತ್ತಿಗೆ ಎಷ್ಟೋ ಮಾಲೀಕರು ಬ್ಯಾಟರಿಯ ಶಕ್ತಿ ಕುಗ್ಗಿತೆಂದು ದೂರಿದರು. ಕಾರು ಅದೇ, ಕೋಶ ಅದೇ, ಬೇರೆಯಾದದ್ದು ಹವೆ. ಕಂಪನಿ ಬ್ಯಾಟರಿಯ ಖಾತರಿಯನ್ನು ವಿಸ್ತರಿಸಿತು, ಮುಂದೆ ಕಾವು ತಾಳುವ ಕೋಶಗಳನ್ನು ತಂದಿತು. ಲಿಥಿಯಂ ಕೋಶದಲ್ಲಿ ಸವೆಯುವ ಬಗೆ ಬೇರೆ. ಋಣಫಲಕದ ಮೇಲೆ ತೆಳ್ಳನೆಯ ಪೊರೆಯೊಂದು ಬೆಳೆಯುತ್ತಾ ಉಪಯೋಗದ ಲಿಥಿಯಮ್ಮನ್ನು ನುಂಗುತ್ತದೆ, ಕಾವು ಆ ಪೊರೆಯನ್ನು ಬೇಗ ಬೆಳೆಸುತ್ತದೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಅವಸರದಿಂದ ತುಂಬಿದರೆ ಲಿಥಿಯಂ ಲೋಹವಾಗಿ ಫಲಕದ ಮೇಲೆ ಕೂರುತ್ತದೆ. ಅತಿಯಾದ ಕಾವೂ ಬೇಡ, ಅತಿಯಾದ ಚಳಿಯೂ ಬೇಡ. ನಮಗೆ ಹಿತವಾದ ಹವೆಯೇ ಅದಕ್ಕೂ ಹಿತ.

2017ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಹಾರ್ನ್ಸ್‌ಡೇಲಿನಲ್ಲಿ 100 ಮೆಗಾವ್ಯಾಟಿನ ಲಿಥಿಯಂ ಸಂಗ್ರಹಾಗಾರ ಎದ್ದಿತು. 2019ರಲ್ಲಿ ದೆಹಲಿಯ ರೋಹಿಣಿಯಲ್ಲಿ 10 ಮೆಗಾವ್ಯಾಟಿನದು. ಈಗ ಇಂಥವು ನಮ್ಮ ದೇಶದಲ್ಲಿ ಹೆಚ್ಚುತ್ತಿವೆ. ಇವುಗಳಲ್ಲಿ ತಂಪುಗೊಳಿಸುವ ಯಂತ್ರವು ಆಮೇಲೆ ಹಚ್ಚಿದ ಸಾಮಾನಲ್ಲ, ಮೊದಲ ನಕ್ಷೆಯಲ್ಲೇ ಇರುತ್ತದೆ. ಆ ಯಂತ್ರಕ್ಕೂ ಬ್ಯಾಟರಿಯ ವಿದ್ಯುತ್ತೇ ಊಟ. ಆದ್ದರಿಂದ ನೆರಳು, ಬಿಳಿ ಬಣ್ಣ, ಗಾಳಿಯ ದಾರಿ ಇವು ಇಂದಿಗೂ ಅಗ್ಗದ ತಂಪು ಎಂದು ನನ್ನ ಶಿಷ್ಯ ಹೇಳುತ್ತಾನೆ.

ಕೊನೆಯ ಮಾತು

ಹಾಗೆ ಹೇಳುವಾಗ ಅವನು ಇನ್ನೊಂದು ಮಾತು ಸೇರಿಸಿದ. ಗಾಳಿ ಒಣಗಿರುವ ನಾಡಿನಲ್ಲಿ ನೀರು ಆವಿಯಾಗುವಾಗ ಕಾವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹಾಗೆಯೇ. ಬೇಸಗೆಯ ರಾಯಚೂರು ಸೀಮೆಯಲ್ಲಿ ಆ ಉಪಾಯ ಚೆನ್ನಾಗಿ ನಡೆಯುತ್ತದೆ. ನಾನು ಬಹಳ ಹೊತ್ತು ಸುಮ್ಮನಿದ್ದೆ. ಅಂದು ಶಾಲೆಯಲ್ಲಿ ಬಿ.ಇಡಿ. ಮಾಡಿದವರು ಎಂಟು ಮಂದಿ ಇದ್ದೆವು, ವಿಜ್ಞಾನದ ಮೇಷ್ಟ್ರೂ ಇದ್ದರು. ಪೆಟ್ಟಿಗೆಗೆ ಏನು ಬೇಕೆಂದು ತಿಳಿದಿದ್ದವರು ಒದ್ದೆ ಗೋಣಿಚೀಲ ಹೊದಿಸಿದ ಆ ಒಬ್ಬರೇ. ಅದನ್ನು ಕಿತ್ತೆಸೆದವನು ನಾನು. ನೀರು ಬತ್ತಿದ್ದು ಅವರು ಹಾಕದೆ ಇದ್ದುದರಿಂದಲ್ಲ, ಅವರು ಹಾಕಿದ್ದಕ್ಕಿಂತ ಬೇಗ ಪೆಟ್ಟಿಗೆಯು ಅದನ್ನು ಕುಡಿದದ್ದರಿಂದ.

ಆಕರಗಳನ್ನು ಪರೀಕ್ಷಿಸದೆ ತೀರ್ಪು ಕೊಡಬಾರದೆಂದು ನಿಮಗೆಲ್ಲ ಎಷ್ಟು ಬಾರಿ ಹೇಳಿದ್ದೇನೋ! ನನ್ನ ಮುಂದೆ ಕಣ್ಣಾರೆ ಕಂಡ ಸಾಕ್ಷಿಯ ಹೇಳಿಕೆಯಿತ್ತು. ಹೇಳಿದವರ ಹುದ್ದೆಯನ್ನು ನೋಡಿ ಅದನ್ನು ತಳ್ಳಿಹಾಕಿದೆ.

ಅವರು ನಿವೃತ್ತರಾಗಿ, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಕ್ಷಮೆ ಕೇಳಲು ನನಗೆ ಅವಕಾಶ ಉಳಿಯಲಿಲ್ಲ. ಅವರ ಮಗ ನಮ್ಮ ಶಾಲೆಯಲ್ಲಿ ಓದಿದವನು. ಕಳೆದ ತಿಂಗಳು ಅವನ ಊರಿಗೆ ಹೋಗಿ ನಡೆದುದನ್ನೆಲ್ಲ ಹೇಳಿದೆ. ಅಂದು ಮುರಿದುಕೊಂಡ ಹಣವನ್ನು ಲಕೋಟೆಯಲ್ಲಿಟ್ಟು ಕೊಂಡೊಯ್ದಿದ್ದೆ. ಅವನು ತೆಗೆದುಕೊಳ್ಳಲಿಲ್ಲ. "ಅಪ್ಪ ಆ ಆರು ತಿಂಗಳು ನಿಮ್ಮ ಮೇಲೆ ಒಂದು ಮಾತೂ ಆಡಲಿಲ್ಲ ಸಾರ್. ತಪ್ಪು ಅವರದಲ್ಲ ಅಂತ ಬರೆಯಿರಿ, ಸಾಕು" ಎಂದ. ಬರೆದಿದ್ದೇನೆ. ಅಂದಿನ ವರದಿಗೆ ನನ್ನ ಸಹಿಯಿತ್ತು, ಇದಕ್ಕೂ ಇದೆ. ಇದರ ಪ್ರತಿಯೊಂದನ್ನು ಶಾಲೆಯ ಆಡಳಿತ ಮಂಡಳಿಗೂ ಕಳುಹಿಸುತ್ತಿದ್ದೇನೆ.

ನಿಮ್ಮ ಮನೆಗಳಲ್ಲಿ ಇನ್ವರ್ಟರ್ ಇದ್ದರೆ ಒಮ್ಮೆ ಎದ್ದು ಹೋಗಿ ನೋಡಿ. ಅದರ ಮೇಲೆ ಬಿಸಿಲು ಬೀಳದಿರಲಿ, ಒಲೆಯ ಪಕ್ಕದಲ್ಲಿರದಿರಲಿ. ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗ ಬಿಡಿ. ನೀರು ಹಾಕುವ ಬಗೆಯದಾದರೆ ಗಾಳಿಯಾಡದ ಕಪಾಟಿನಲ್ಲಿ ಮುಚ್ಚಿಡಬೇಡಿ, ಬೇಸಗೆಯಲ್ಲಿ ನೀರಿನ ಮಟ್ಟವನ್ನು ಇನ್ನಷ್ಟು ಬೇಗ ಬೇಗ ನೋಡುತ್ತಿರಿ. ಅದನ್ನು ನೋಡಿಕೊಳ್ಳುವವರು ಬೇರೆ ಯಾರಾದರೂ ಇದ್ದು, ಬಂದು ಏನಾದರೂ ಹೇಳಿದರೆ, ದಯವಿಟ್ಟು ಅವರ ಜೊತೆ ಹೋಗಿ ಪೆಟ್ಟಿಗೆಯನ್ನು ಕೈಯಿಂದ ಮುಟ್ಟಿ ನೋಡಿ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು